ಚಿಕ್ಕಿಯ ಲೈಬ್ರರಿ ಪುಸ್ತಕ

ನಮ್ಮ ಮನೆಯಿಂದ ಪೇಟೆಯ ಲೈಬ್ರರಿಗೆ ಒಂದು ಪುಸ್ತಕ ವಾಪಸು ಹೋಗುವುದಿತ್ತು. ಸ್ವಲ್ಪ ತಡವಾಗಿತ್ತು. ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಕಟ್ಟಕಡೆಯ ಮುದ್ರೆ 1978ರ ಜುಲೈ ತಿಂಗಳದ್ದು. ದಿನಕ್ಕೆ ಐದು ಪೈಸೆ ದಂಡ ಅಂತ ಹಿಡಿದರೂ ಲೆಕ್ಕ 850 ರೂಪಾಯಿ ದಾಟುತ್ತದೆ. ಐದು ಪೈಸೆಯ ನಾಣ್ಯವೇ ಈಗ ಇಲ್ಲ, ಆ ಮಾತು ಬೇರೆ.

ಪುಸ್ತಕ ತಂದಿಟ್ಟುಕೊಂಡವಳು ನಮ್ಮ ಚಿಕ್ಕಿ, ಅಮ್ಮನ ಕೊನೇ ತಂಗಿ. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ, ಪೂರ್ತಿ ಹೆಸರು ಹಾಕಲಿಲ್ಲ ಅಂತಲೋ, ಪೂರ್ತಿ ಹೆಸರು ಯಾಕೆ ಹಾಕಿದೆ ಅಂತಲೋ ಜಗಳ ತೆಗೆಯುವ ಜಾತಿ ಅವಳು. ತೀರಿಕೊಂಡಾಗ ಇಪ್ಪತ್ತಾರು ವರ್ಷ. ನನಗಾಗ ಹತ್ತು. ಈಗ ಐವತ್ತೇಳು. ಅವಳು ಎದುರಿಗೆ ಬಂದು ನಿಂತರೆ ನನ್ನ ಮಗಳಿಗಿಂತ ಚಿಕ್ಕವಳು. ಆದರೂ ಅವಳು ಚಿಕ್ಕಿ, ನಾನು ಅವಳ ಲಂಗದ ತುದಿ ಹಿಡಿದು ತಿರುಗುತ್ತಿದ್ದ ಕೂಸು. ಈ ಲೆಕ್ಕ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಪುಸ್ತಕ ಸಿಕ್ಕಿದ್ದು ಅಟ್ಟದಲ್ಲಿ. ಮಾವ ಹಳೇ ಮನೆಯ ಹೆಂಚು ಇಳಿಸುತ್ತೇನೆಂದು ಫೋನು ಮಾಡಿದಾಗ ಹೋಗಿ ನೋಡಿದರೆ, ಅಡಿಕೆ ಚೀಲ, ಒಡಕು ಹಂಡೆ, ಅಜ್ಜನ ಮುರುಕು ಕುರ್ಚಿಗಳ ಹಿಂದೆ ಅಜ್ಜಿಯ ಮರದ ಪೆಟ್ಟಿಗೆ ಇತ್ತು. ಒಳಗೊಂದು ತಿಳಿಹಸಿರು ವಾಯಿಲ್ ಸೀರೆ. ಸೀರೆಯ ಮಡಿಕೆಯೊಳಗೆ ಒಂದು ಸಣ್ಣ ಡೈರಿ, ಮತ್ತೆ ರಟ್ಟು ಹಾಕಿ ಹೊಲಿದ ಕೊಡಗಿನ ಗೌರಮ್ಮನವರ ಕತೆಗಳ ಪುಸ್ತಕ. ಅಜ್ಜಿ ಬಲು ಲೆಕ್ಕಾಚಾರದ ಹೆಂಗಸು. ಮಗಳು ಹೋದ ಹದಿನಾಲ್ಕನೆಯ ದಿನ ಪೇಟೆಗೆ ಆಳು ಕಳಿಸಿ, ಟೈಲರಿಗೆ ರವಿಕೆ ಹೊಲಿದ ಮೂರು ರೂಪಾಯಿ, ಬಳೆಗಾರನಿಗೆ ಬಾಕಿ, ಅಂಗಡಿಯಲ್ಲಿ ತಂದ ಪೆನ್ನಿನ ದುಡ್ಡು ಎಲ್ಲಾ ಚುಕ್ತಾ ಮಾಡಿಸಿದ್ದಳು. ಸತ್ತವರ ಹೆಸರಲ್ಲಿ ಸಾಲ ಉಳಿಯಬಾರದು ಅಂತ. ಅಂಥವಳು ಈ ಒಂದು ಪುಸ್ತಕವನ್ನು ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಪುಟದ ಅಂಚಿನಲ್ಲಿರುವ ಪೆನ್ಸಿಲ್ ಗೀಚು ಯಾರ ಕೈಯದು ಅಂತ ತಿಳಿಯಲು ಓದು ಬರಬೇಕಾಗಿಲ್ಲ.

ಆಗುಂಬೆಯ ಕಡೆಯ ಮಳೆಯೆಂದರೆ ಕೇಳಿದವರಿಗೆ ಚೆಂದ, ನೆನೆದವರಿಗೆ ಗೊತ್ತು. ನಾನು ಶಾಲೆಗೆಂದು ಅಲ್ಲೇ, ಅಜ್ಜನ ಮನೆಯಲ್ಲಿ ಇದ್ದೆ. ಹೀಗಾಗಿ ಅವಳ ಕೊನೆಯ ನಾಲ್ಕು ವರ್ಷ ನನ್ನ ಪಾಲಿಗೆ ಬಂತು. ಕಂಬಳಿಕೊಪ್ಪೆ ಹಾಕಿಕೊಂಡು ಶಾಲೆಯಿಂದ ಬಂದರೆ ಬಚ್ಚಲೊಲೆಯ ಮುಂದೆ ಕೂರಿಸಿ ತಲೆ ಒರೆಸುವವಳು ಅವಳೇ. ಒರೆಸುತ್ತ ಒರೆಸುತ್ತ ನನಗೆಂದು ಅಜ್ಜಿ ಸುಟ್ಟಿಟ್ಟ ಹಲಸಿನ ಹಪ್ಪಳ ತಿಂದು ಮುಗಿಸುವವಳೂ ಅವಳೇ. ಕೇಳಿದರೆ, "ನಿನ್ನ ತಲೆ ಒರೆಸಿದ ಕೂಲಿ ಕಣೇ" ಅನ್ನುತ್ತಿದ್ದಳು. ಸತ್ತವರನ್ನು ನೆನೆಯುವಾಗ ಅವರು ನಮಗೆ ಕೊಟ್ಟದ್ದನ್ನೇ ಹೇಳುತ್ತಾರಲ್ಲ ಜನ, ನಾನು ಅವಳು ಕಿತ್ತುಕೊಂಡದ್ದನ್ನೂ ಹೇಳುತ್ತೇನೆ. ಒಟ್ಟು ಹಪ್ಪಳ ಕಡಿಮೆಯೆಂದರೂ ನೂರಾಗಬೇಕು.

ಮನೆಗೆಲಸದಲ್ಲಿ ಅವಳು ಅಷ್ಟಕ್ಕಷ್ಟೇ. ತಂಬುಳಿಗೆ ಉಪ್ಪು ಎರಡು ಸಲ, ಇಲ್ಲವೇ ಒಂದೂ ಇಲ್ಲ. ದೋಸೆ ಹುಯ್ಯಲು ಕೂತರೆ ಕೈಯಲ್ಲಿ ಪುಸ್ತಕ. ಕಾವಲಿಯ ಮೇಲೆ ದೋಸೆ ಕರಿಯಾದ ಮೇಲೆ ಅದನ್ನು ದನಕ್ಕೆ ಹಾಕಿ, "ಗೌರಿ ಹಸಿದಿತ್ತು" ಅಂತ ದನದ ಮೇಲೆ ಹೊರೆ ಹೊರಿಸುವುದು. ಅಡಿಕೆ ಸುಲಿಯುವುದಂತೂ ಅವಳಿಗೆ ಒಲಿಯಲೇ ಇಲ್ಲ. ಮೆಟ್ಟುಗತ್ತಿಯ ಮೇಲೆ ಕೂತು ಹತ್ತು ಅಡಿಕೆ ಸುಲಿಯುವುದರೊಳಗೆ ಎರಡು ಬೆರಳಿಗೆ ಬಟ್ಟೆ ಕಟ್ಟುವ ಕೆಲಸ. ಕೊನೆಗೆ ಅಜ್ಜಿಯೇ ರೋಸಿ, "ನೀನು ಸುಲಿಯೋದು ಬೇಡ ಮಾರಾಯ್ತಿ, ಎಂತಾದ್ರೂ ಓದಿ ಹೇಳು, ಇವರಿಗೆ ನಿದ್ದೆ ಬರದ ಹಾಗೆ" ಅಂದಳು.

ಅಲ್ಲಿಂದ ಶುರುವಾಯಿತು. ದೀಪಾವಳಿ ಕಳೆದು ಕೊನೆಕೊಯ್ಲು ಹಿಡಿದರೆ ಸಂಕ್ರಾಂತಿಯ ಆಚೀಚೆಯವರೆಗೆ ರಾತ್ರಿ ನಮ್ಮ ಅಂಗಳದ ಚಪ್ಪರದಲ್ಲಿ ಸುಲಿತ. ಗ್ಯಾಸ್‌ಲೈಟಿನ ಸುಂಯ್ ಸದ್ದು, ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರು ವಾಸನೆ, ಹದಿನೈದು ಇಪ್ಪತ್ತು ಹೆಂಗಸರು, ಡಬ್ಬದ ಲೆಕ್ಕದಲ್ಲಿ ಕೂಲಿ. ನಡುವೆ ಸ್ಟೂಲಿನ ಮೇಲೆ ಚಿಕ್ಕಿ. ತ್ರಿವೇಣಿ, ಎಂ.ಕೆ. ಇಂದಿರಾ, ಅ.ನ.ಕೃ. ಅಂತ ಲೈಬ್ರರಿಯಿಂದ ತಂದದ್ದನ್ನೆಲ್ಲ ಅವಳು ಓದಿದಳು. ಇಂದಿರಾ ಅವರ ಪುಸ್ತಕವಾದರೆ ಮೊದಲು ಒಂದು ಪೀಠಿಕೆ ಇರುತ್ತಿತ್ತು: "ಇವರು ನಮ್ಮ ತೀರ್ಥಹಳ್ಳಿಯವರು." ಆ ಮಾತು ಬಂದ ಕೂಡಲೆ ಸುಲಿಯುವವರೂ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು.

ಆದರೆ ಅವಳು ಓದುತ್ತಿದ್ದದ್ದು ಪುಸ್ತಕದಲ್ಲಿ ಇದ್ದದ್ದನ್ನಲ್ಲ. ಇದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ, ಹಾಸ್ಟೆಲಿನಲ್ಲಿ ಕೂತು ತ್ರಿವೇಣಿಯವರ 'ಶರಪಂಜರ' ಓದಿದಾಗ. ನಾಯಕಿ ಕಾವೇರಿ ಮತ್ತೆ ಹುಚ್ಚಾಸ್ಪತ್ರೆಗೇ ಹೋಗುತ್ತಾಳೆ! ನಾನು ಪುಟ ತಿರುಗಿಸಿ ತಿರುಗಿಸಿ ನೋಡಿದೆ, ಯಾರೋ ಕೊನೆ ಹಾಳೆ ಹರಿದಿದ್ದಾರೆ ಅಂದುಕೊಂಡೆ. ನಮ್ಮ ಚಪ್ಪರದಲ್ಲಿ ಕಾವೇರಿ ಮಕ್ಕಳನ್ನು ಕರೆದುಕೊಂಡು ಹೊರಟು, ಬೇರೆ ಊರಿನಲ್ಲಿ ಟೀಚರಾಗಿದ್ದಳು. "ಹಂಗಾರೆ ಗಂಡ?" ಅಂತ ಒಬ್ಬಳು ಕೇಳಿದ್ದು ನೆನಪಿದೆ. "ಗಂಡ ಬಾಗಿಲಲ್ಲಿ ನಿಂತು ಅತ್ತ. ಅಳಲಿ ಬಿಡು" ಅಂದಿದ್ದಳು ಚಿಕ್ಕಿ. ಸಿನಿಮಾ ಬಂದು ನಾಲ್ಕಾರು ವರ್ಷವಾಗಿತ್ತು, ಟೂರಿಂಗ್ ಟಾಕೀಸಿನಲ್ಲಿ ನೋಡಿದವರೂ ಅಲ್ಲಿದ್ದರು. "ಟಾಕೀಸಲ್ಲಿ ಹಿಂಗಿಲ್ವಲ್ಲ ಸಣ್ಣಮ್ಮಾ" ಅಂತ ತಕರಾರು ಬಂತು. ಚಿಕ್ಕಿ ಕಣ್ಣು ಮಿಟುಕಿಸದೆ ಹೇಳಿದಳು: "ಪುಟ್ಟಣ್ಣ ಕಣಗಾಲ್ ಕತೆ ಕೆಡಿಸಿಬಿಟ್ಟಿದಾರೆ ಮಾರಾಯ್ತಿ. ಪುಸ್ತಕದಲ್ಲಿ ಹಾಗಿಲ್ಲ."

ಪುಟ್ಟಣ್ಣ ಏನೂ ಕೆಡಿಸಿರಲಿಲ್ಲ. ಹೆಂಗಸರು ಸಾಯುವ ಕತೆ, ಹುಚ್ಚಾಗುವ ಕತೆ, ಬಾವಿಗೆ ಹಾರುವ ಕತೆ ಇವಳಿಗೆ ಆಗುತ್ತಿರಲಿಲ್ಲ, ಅಷ್ಟೆ. ಓದುತ್ತ ಓದುತ್ತ ಅಪಾಯ ಹತ್ತಿರ ಬಂತೆಂದರೆ ಕಣ್ಣು ಪುಸ್ತಕದ ಮೇಲೇ ಇಟ್ಟುಕೊಂಡು ಬಾಯಲ್ಲಿ ಬೇರೆ ದಾರಿ ಹಿಡಿಯುತ್ತಿದ್ದಳು. ದನಿಯಲ್ಲಿ ಒಂದು ಚೂರೂ ವ್ಯತ್ಯಾಸವಿಲ್ಲ. ನಾನು ಪಕ್ಕದಲ್ಲೇ ಕೂತಿದ್ದರೂ ಕಂಡುಹಿಡಿಯಲಾಗಲಿಲ್ಲ. ಒಂದೇ ಗುರುತು ಇತ್ತು ಅಂತ ಈಗ ಅನಿಸುತ್ತದೆ: ಅಂಥ ಹೊತ್ತಿನಲ್ಲಿ ಪುಟ ತಿರುಗಿಸುವುದನ್ನು ಮರೆಯುತ್ತಿದ್ದಳು.

ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯ ಬೆನ್ನಿಗೇ ತೀರಿಕೊಂಡಿದ್ದರು. ತಮ್ಮ 'ಬೆಳ್ಳಿ ಮೋಡ' 1967ರಲ್ಲಿ ತೆರೆಗೆ ಬಂದದ್ದನ್ನೂ, ಆಮೇಲೆ 'ಶರಪಂಜರ' ಊರೂರು ಅಳಿಸಿದ್ದನ್ನೂ ಅವರು ನೋಡಲಿಲ್ಲ. ಅದೇ 1963ರಲ್ಲೇ ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂತು. ಅವರು ಬರೆಯಲು ಕೂತಾಗ ವಯಸ್ಸು ನಲವತ್ತೈದು. ಈ ವಿಷಯ ಚಿಕ್ಕಿಗೆ ಬಹಳ ಇಷ್ಟ. ಉಪ್ಪು ಮರೆತದ್ದಕ್ಕೆ ಅಜ್ಜಿ ಬೈದಾಗೆಲ್ಲ, "ನಲವತ್ತೈದಕ್ಕೆ ನಾನೂ ಬರೀತೇನೆ, ಅಲ್ಲೀತನಕ ಸುಮ್ನಿರು" ಅನ್ನುತ್ತಿದ್ದಳು. 'ಫಣಿಯಮ್ಮ' 1976ರಲ್ಲಿ ಬಂದಾಗ ಲೈಬ್ರರಿಯಲ್ಲಿ ಅದಕ್ಕೆ ಸರದಿ. ತನ್ನ ಸರದಿ ಬರಲಿಲ್ಲವೆಂದು ಎರಡು ತಿಂಗಳು ದಿನಾ ಒಂದು ಸಲ ಗೊಣಗಿದಳು. ಬಂತೋ ಇಲ್ಲವೋ ಗೊತ್ತಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಬೇರೆ ಗೊಣಗಾಟ ಶುರುವಾಗಿತ್ತು.

ಡೈರಿಯ ವಿಷಯ ಹೇಳಿದೆನಲ್ಲ. ಅದರಲ್ಲಿ ಕತೆ ಕವಿತೆ ಏನೂ ಇಲ್ಲ. ಇಪ್ಪತ್ತೊಂದು ದಿನಕ್ಕೊಮ್ಮೆ ಒಂದೇ ಒಂದು ಮಾತು: ದೇವಸ್ಥಾನ. ಜನವರಿಯಿಂದ ಜುಲೈವರೆಗೆ ದೇವಸ್ಥಾನ, ದೇವಸ್ಥಾನ, ದೇವಸ್ಥಾನ. ಯಾರಾದರೂ ಓದಿದರೆ ಮಹಾ ಭಕ್ತೆ ಅಂದುಕೊಳ್ಳಬೇಕು. ನನಗೂ ಆಗ ಹಾಗೇ ಹೇಳಿದ್ದರು. ಅಜ್ಜ, ಚಿಕ್ಕಿ ಬೆಳಗಿನ ಬಸ್ಸಿಗೆ ಹೋಗುತ್ತಾರೆ, ದೇವಸ್ಥಾನಕ್ಕೆ. ಸಂಜೆ ಬರುತ್ತಾರೆ. ಬರುವಾಗ ಚಿಕ್ಕಿ ಕುಂಟುತ್ತಿರುತ್ತಾಳೆ. "ಯಾಕೆ ಚಿಕ್ಕೀ ಕುಂಟ್ತೀಯ?" ಅಂದರೆ, "ಪ್ರದಕ್ಷಿಣೆ ಜಾಸ್ತಿ ಆಯ್ತು ಕಣೇ." ನಾನು ನಂಬಿದ್ದೆ. ದೇವರ ಮೇಲೆ ಸಣ್ಣ ಸಿಟ್ಟೂ ಬಂದಿತ್ತು.

ಅದು ಪೆನಿಸಿಲಿನ್ ಇಂಜೆಕ್ಷನ್. ಹಾಕಿಸಿಕೊಂಡವರಿಗೆ ಗೊತ್ತು, ಸೊಂಟದ ಕೆಳಗೆ ಸೀಸ ಕರಗಿಸಿ ಸುರಿದ ಹಾಗೆ. ಚಿಕ್ಕಿಗೆ ಹನ್ನೊಂದೋ ಹನ್ನೆರಡೋ ವರ್ಷದಲ್ಲಿ ಗಂಟಲು ನೋವು ಬಂದು ಹೋಗಿತ್ತು. ಮಳೆಗಾಲದಲ್ಲಿ ಯಾವ ಮಗುವಿಗೆ ಬರುವುದಿಲ್ಲ? ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದರೆ ಆಯಿತು. ಮೂರು ವಾರ ಕಳೆದು ಜ್ವರ, ಮೊಣಕಾಲು ಬಾತು, ಅದು ಇಳಿಯುವಷ್ಟರಲ್ಲಿ ಮೊಣಕೈ ಬಾತು. ಬೆಳೆಯುವ ಮಕ್ಕಳ ಕೈಕಾಲು ನೋವು ಅಂತ ಎಣ್ಣೆ ತಿಕ್ಕಿದರು. ನೋವು ಹೋಯಿತು. ಅಲ್ಲಿಗೆ ಎಲ್ಲರೂ ಮರೆತರು, ಹೃದಯವೊಂದು ಬಿಟ್ಟು. ನನ್ನ ಮಗಳು ಡಾಕ್ಟರು, ಅವಳು ಒಂದು ಹಾಳೆಯ ಮೇಲೆ ಬರೆದು ತೋರಿಸಿದಳು: ಗಂಟಲಿನ ಸ್ಟ್ರೆಪ್ಟೊಕಾಕಸ್ ಎಂಬ ಕ್ರಿಮಿಯ ಮೇಲೆ ದಂಡೆತ್ತಿ ಹೊರಟ ಮೈಯ ಪಡೆ ದಾರಿ ತಪ್ಪಿ ಸ್ವಂತ ಹೃದಯದ ಕವಾಟವನ್ನೇ ಗಾಯ ಮಾಡುತ್ತದೆ, ಗಾಯ ಮಾಯುತ್ತ ಮಾಯುತ್ತ ಕವಾಟ ದಪ್ಪವಾಗಿ, ಅಂಚು ಕೂಡಿಕೊಂಡು, ಕಿರಿದಾಗುತ್ತದೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆಯಬೇಕಾದ ಬಾಗಿಲು ಒಂದಕ್ಕೆ ಇಳಿದಾಗ ರಕ್ತ ಮುಂದೆ ಹೋಗಲಾರದೆ ಹಿಂದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಇಂಜೆಕ್ಷನ್ನು ಆ ಬಾಗಿಲನ್ನು ಅಗಲ ಮಾಡಲಾರದು. ಇನ್ನೊಂದು ಸಲ ಗಂಟಲು ನೋವು ಬಂದು ಇನ್ನಷ್ಟು ಕೆಡದ ಹಾಗೆ ಕಾಯುತ್ತದೆ, ಅಷ್ಟೆ.

"ಅವರ ಕೆನ್ನೆ ಕೆಂಪಗಿತ್ತಾ ಅಮ್ಮಾ?" ಅಂತ ಮಗಳು ಕೇಳಿದಾಗ ನಾನು ಬೆಚ್ಚಿದೆ. ಯಾಕೆಂದರೆ ಚಿಕ್ಕಿಯ ಕೆನ್ನೆ ನಮ್ಮ ಸೀಮೆಗೇ ಪ್ರಸಿದ್ಧ. ನಮ್ಮ ಕಡೆ ಬೆಳ್ಳಗಿರುವವರು ಬೇಕಾದಷ್ಟಿದ್ದಾರೆ, ಹಾಗೆ ಕೆನ್ನೆಯ ಮೇಲೆ ಎರಡು ಕಡೆ ಕುಂಕುಮ ಉಜ್ಜಿದಂತೆ ಕೆಂಪಿರುವವರು ಇಲ್ಲ. ಮದುವೆಮನೆಯಲ್ಲಿ ಹೆಂಗಸರು ಅವಳ ಗಲ್ಲ ಹಿಡಿದು, ಎಂಥ ಕಳೆ, ಎಂಥ ಆರೋಗ್ಯ ಅನ್ನುತ್ತಿದ್ದರು. ಆ ಕವಾಟ ಬಹಳ ಕಿರಿದಾದವರಲ್ಲಿ ಕೆಲವರಿಗೆ ಹಾಗೆ ಕೆನ್ನೆಯ ಮೇಲೆ ಬಣ್ಣ ಬರುತ್ತದಂತೆ. ನಾವು ದೃಷ್ಟಿ ತೆಗೆಯುತ್ತಿದ್ದದ್ದು ಅವಳ ಕಾಯಿಲೆಗೆ. ಈಗ ಉಳಿದಿರುವ ಒಂದೇ ಫೋಟೋ ಕಪ್ಪುಬಿಳುಪಿನದು, ಕಾಲೇಜಿಗೆ ಹೋಗುವಾಗ ತೆಗೆಸಿದ್ದು. ಅದರಲ್ಲಿ ಆ ಕೆಂಪು ಇಲ್ಲ. ಅಷ್ಟರ ಮಟ್ಟಿಗೆ ಆ ಫೋಟೋದಲ್ಲಿ ಅವಳು ಆರೋಗ್ಯವಾಗಿದ್ದಾಳೆ.

ಕಾಯಿಲೆಯನ್ನು ಯಾಕೆ ಬಚ್ಚಿಟ್ಟರು ಅಂತ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ಹೃದಯದ ತೊಂದರೆ ಇರುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ? ಮದುವೆಯಾಗಿ ಬಸುರಿಯಾದರೆ ಆ ಕವಾಟಕ್ಕೆ ಏನಾಗುತ್ತದೆ ಅಂತ ಡಾಕ್ಟರು ಅಜ್ಜನಿಗೆ ಹೇಳಿದ್ದರೋ ಇಲ್ಲವೋ, ಹೇಳಿದ್ದರೂ ಅಜ್ಜ ಅದನ್ನು ಕೇಳಿಸಿಕೊಂಡಿದ್ದರೋ ಇಲ್ಲವೋ. ಅಜ್ಜ ಕೆಟ್ಟವರಲ್ಲ. ಇಪ್ಪತ್ತೊಂದು ದಿನಕ್ಕೊಮ್ಮೆ, ಒಂದು ಸಲವೂ ತಪ್ಪಿಸದೆ, ಆ ಬಸ್ಸಿನಲ್ಲಿ ಮಗಳ ಪಕ್ಕ ಕೂತು ಹೋಗಿ ಬಂದವರು ಅವರೇ. ಆದರೆ ಊರಿನ ಮುಂದೆ ದೇವಸ್ಥಾನ ಅಂತ ಸುಳ್ಳು ಹೇಳಿದವರೂ ಅವರೇ. ಎರಡನ್ನೂ ಒಬ್ಬರೇ ಮಾಡಬಹುದು ಅಂತ ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ನೋಡಲು ಬಂದವರು ಇಬ್ಬರೋ ಮೂವರೋ. ಕೊನೆಯವನು ಬಂದದ್ದು 1977ರ ಬೇಸಿಗೆಯಲ್ಲಿ. ಉಪ್ಪಿಟ್ಟು, ಕೇಸರಿಬಾತಿನ ಪಾತ್ರೆಯ ಹತ್ತಿರ ನಾನು ಕಾವಲಿದ್ದೆ. ಹುಡುಗನಿಗೆ ಹುಡುಗಿ ಒಪ್ಪಿಗೆ, ಹಿರಿಯರಿಗೆಲ್ಲ ಕೆನ್ನೆ ಒಪ್ಪಿಗೆ. ಇಬ್ಬರೂ ಬೇಕಾದರೆ ಎರಡು ಮಾತಾಡಲಿ ಅಂತ ಅಂಗಳಕ್ಕೆ ಬಿಟ್ಟರು. ಅದೇ ಆಗ ಬಲು ಹೊಸ ಪದ್ಧತಿ, ಅಜ್ಜ ಅದಕ್ಕೆ ಒಪ್ಪಿದ್ದೇ ದೊಡ್ಡದು. ತುಳಸಿಕಟ್ಟೆಯ ಹತ್ತಿರ ನಿಂತು ಚಿಕ್ಕಿ ಅವನಿಗೆ ಎಲ್ಲ ಹೇಳಿಬಿಟ್ಟಳು. ಕವಾಟ, ಇಂಜೆಕ್ಷನ್ನು, ದಿಬ್ಬ ಹತ್ತಿದರೆ ಉಬ್ಬಸ, ರಾತ್ರಿ ಮೂರು ದಿಂಬು ಇಟ್ಟುಕೊಂಡು ಮಲಗುವುದು. ಮುಗಿಸಿ, "ಒಳಗೆ ಹೋಗಿ ಕೇಸರಿಬಾತು ತಿಂದೇ ಹೋಗಿ, ಅದನ್ನ ಅಮ್ಮ ಮಾಡಿದ್ದು, ನಾನಲ್ಲ" ಅಂದಳಂತೆ. ಆ ಹುಡುಗ ತಿಂದೇ ಹೋದ. ಮರಳಿ ಕಾಗದ ಬರಲಿಲ್ಲ. ಆದರೆ ವಿಷಯ ಮಾತ್ರ ಎಲ್ಲ ಕಡೆ ಬಂತು.

ಅಜ್ಜ ಒಂದು ತಿಂಗಳು ಅವಳೊಡನೆ ಮಾತು ಬಿಟ್ಟರು. ಆ ತಿಂಗಳೂ ದೇವಸ್ಥಾನ ತಪ್ಪಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡುತ್ತ ಹೋಗಿ ಬಂದರು.

ಈಗ ಗೌರಮ್ಮನವರ ಪುಸ್ತಕಕ್ಕೆ ಬರುತ್ತೇನೆ. 'ಅಪರಾಧಿ ಯಾರು?' ಅಂತ ಅವರದೊಂದು ಕತೆ ಇದೆಯಲ್ಲ, ಆ ಶೀರ್ಷಿಕೆಯ ಕೆಳಗೆ ಚಿಕ್ಕಿ ಪೆನ್ಸಿಲಿನಲ್ಲಿ ಬರೆದಿದ್ದಾಳೆ: "ಗೊತ್ತಿದ್ದೂ ಕೇಳ್ತಾಳೆ." ಇನ್ನೊಂದು ಕಡೆ ಕತೆಯ ಹೆಣ್ಣು ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಸಹಿಸುವಲ್ಲಿ: "ನಾನಾಗಿದ್ರೆ ಎರಡು ಬಿಡ್ತಿದ್ದೆ." ಮತ್ತೊಂದು ಕಡೆ ಬರೀ "ಅಳಬೇಡ್ವೇ". ಪುಸ್ತಕದ ತುಂಬ ಹೀಗೆ ಜಗಳ. ಗಟ್ಟಿಯಾಗಿ ಓದುವಾಗ ಕತೆ ಬದಲಿಸಬಹುದಿತ್ತು. ಒಬ್ಬಳೇ ಕೂತು ಓದುವಾಗ ಅದು ಸಾಧ್ಯವಿಲ್ಲ, ಅಂಚಿನಲ್ಲಿ ಕಾದಾಡಬೇಕು. ಲೇಖಕಿಗೆ ಏಕವಚನ ಬೇರೆ. ಓರಗೆಯವಳ ಹಾಗೆ.

ಓರಗೆಯವಳೇ. ಗೌರಮ್ಮ ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ತೀರಿಕೊಂಡದ್ದು 1939ರ ಏಪ್ರಿಲ್ 13ರಂದು, ಹೊಳೆಯ ಸುಳಿಗೆ ಸಿಕ್ಕಿ. ಇಪ್ಪತ್ತೇಳು ವರ್ಷ. ಇಪ್ಪತ್ತರ ಆಸುಪಾಸು ಕತೆಗಳು. ಬದುಕಿದ್ದಾಗ ಬರೆದದ್ದು ಗಂಡನ ಹೆಸರಿನ ಮರೆಯಲ್ಲಿ, 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ. 'ಕಂಬನಿ', 'ಚಿಗುರು' ಎಂದು ಆ ಕತೆಗಳು ಪುಸ್ತಕಗಳಾದವು. ಬೇಂದ್ರೆಯವರು 'ತಂಗಿ ಗೌರಮ್ಮ' ಎಂದು ಕವಿತೆ ಬರೆದರು. ಸತ್ತ ಮೇಲೆ ಅವರು ಯಾರ ಮಿಸೆಸ್ಸೂ ಆಗಿ ಉಳಿಯಲಿಲ್ಲ, ಒಂದು ನಾಡಿನ ಹೆಸರನ್ನೇ ಮುಂದೆ ಇಟ್ಟುಕೊಂಡು ಕೊಡಗಿನ ಗೌರಮ್ಮ ಆದರು.

ಎರಡು ವರ್ಷದ ಹಿಂದೆ, ಏಪ್ರಿಲಿನಲ್ಲೇ, ಕುಶಾಲನಗರದಿಂದ ಮಡಿಕೇರಿಗೆ ಹೋಗುತ್ತ ಸುಂಟಿಕೊಪ್ಪದಲ್ಲಿ ಚಹಾಕ್ಕೆ ಇಳಿದಿದ್ದೆ. ಅವರು ಸಂಸಾರ ಮಾಡಿದ್ದು ಆ ಸುತ್ತಿನಲ್ಲೇ, ಮಂಜುನಾಥಯ್ಯ ಎಂಬವರ ತೋಟದ ಕಡೆ. ಹೂಮಳೆ ಬಿದ್ದು ಎಂಟು ಹತ್ತು ದಿನವಾಗಿರಬೇಕು, ಕಾಫಿ ಗಿಡಗಳ ಮೇಲೆಲ್ಲ ಬೆಳ್ಳಗೆ ಹೂ, ರಸ್ತೆಯವರೆಗೆ ಪರಿಮಳ. ಚಹಾದಂಗಡಿಯವನನ್ನು ಮಾತಿಗೆಳೆದು ಗೌರಮ್ಮನವರ ಹೆಸರು ಹೇಳಿದೆ. "ಹೊಳೆಗೆ ಬಿದ್ದು ಹೋದರಲ್ಲ, ಅವರಾ?" ಅಂದ.

ಅವನದೇನು ತಪ್ಪು, ನಾನೂ ಮೇಲೆ ಹುಟ್ಟಿದ ಬೆನ್ನಿಗೇ ಸುಳಿಯನ್ನು ಹೇಳಿದೆನಲ್ಲ. ಅವರ ವಿಷಯ ಯಾರು ಹೇಳಲಿ, ಮೊದಲು ಸುಳಿ, ಆಮೇಲೆ ಗಾಂಧೀಜಿಗೆ ಕೊಟ್ಟ ಒಡವೆ. ಗಾಂಧೀಜಿ 1934ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದಲ್ಲಿ ಕೊಡಗಿಗೆ ಬಂದದ್ದು, ಅವರು ತಮ್ಮ ಮನೆಗೂ ಬರಲೇಬೇಕೆಂದು ಈಕೆ ಉಪವಾಸ ಹಿಡಿದರೆಂಬುದು, ಬಂದಾಗ ಮಂಗಳಸೂತ್ರದಂಥ ಒಂದೆರಡನ್ನು ಬಿಟ್ಟು ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿಕೊಟ್ಟದ್ದು. ದೊಡ್ಡ ಸಂಗತಿಯೇ. ಆದರೆ ಆ ಹುಡುಗಿಗೆ ಆಗ ಇಪ್ಪತ್ತೊಂದು ಇಪ್ಪತ್ತೆರಡು ವರ್ಷ. ಟೆನಿಸ್ ಆಡುತ್ತಿದ್ದಳು, ಈಜುತ್ತಿದ್ದಳು, ಹಟ ಮಾಡುತ್ತಿದ್ದಳು. 1930ರ ದಶಕದಲ್ಲಿ ಕೊಡಗಿನ ಎಸ್ಟೇಟಿನ ನಡುವೆ ಟೆನಿಸ್ ಬ್ಯಾಟು ಹಿಡಿದ ಬ್ರಾಹ್ಮಣರ ಮನೆಯ ಸೊಸೆ! ಗಾಂಧೀಜಿಯ ಮುಂದೆ ಉಪವಾಸ ಕೂತು ಗಾಂಧೀಜಿಯನ್ನೇ ಬಗ್ಗಿಸಬೇಕಾದರೆ ಭಕ್ತಿಯ ಜೊತೆಗೆ ಸ್ವಲ್ಪ ತುಂಟತನವೂ ಬೇಕು ಅಂತ ನನ್ನ ಅನುಮಾನ. ಅವರ ಆಯುಧವನ್ನೇ ಅವರ ಮೇಲೆ ಎತ್ತಿದಂತಾಯಿತಲ್ಲ. ವಿಧವೆಯರ, ವರದಕ್ಷಿಣೆಯ, ಊರು ಹೊರಗಿಟ್ಟ ಹೆಂಗಸರ ಕತೆ ಬರೆಯುವಾಗಲೂ ಆಕೆಯೊಳಗೆ ಆ ಟೆನಿಸ್ ಆಡುವವಳು ಇದ್ದೇ ಇದ್ದಾಳೆ. ಸುಳಿಯ ಕಡೆಯಿಂದ ಹಿಮ್ಮುಖವಾಗಿ ಓದಿಕೊಂಡು ಬಂದರೆ ಅವಳು ಕಾಣುವುದಿಲ್ಲ. ಎಲ್ಲ ಕತೆಯಲ್ಲೂ ನೀರು, ಎಲ್ಲ ಮಾತಿನಲ್ಲೂ ಶಕುನ.

ಆ ಕತೆಗಳನ್ನು 2023ರಲ್ಲಿ ಮಡಿಕೇರಿಯವರೇ ಆದ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಬಾನು ಮುಷ್ತಾಕ್ ಅವರ ಜೊತೆ 2025ರ ಅಂತಾರಾಷ್ಟ್ರೀಯ ಬೂಕರ್ ಹಂಚಿಕೊಂಡ ಅನುವಾದಕಿ ಅವರೇ. ಚಿಕ್ಕಿಗೆ ಹೇಳಬೇಕಾದ ಸುದ್ದಿಗಳ ಪಟ್ಟಿಯೊಂದು ನನ್ನ ಹತ್ತಿರ ಇದೆ. ಇದು ಅದರಲ್ಲಿ ಮೇಲಿನದು.

ಪುಸ್ತಕದ ಆರಂಭದಲ್ಲಿ ಲೇಖಕಿಯ ಪರಿಚಯ ಇರುವ ಪುಟದಲ್ಲಿ, ಇಪ್ಪತ್ತೇಳು ಅನ್ನುವ ಮಾತಿಗೆ ಪೆನ್ಸಿಲಿನ ಸುತ್ತು ಇದೆ. ಅಲ್ಲಿ ಮಾತ್ರ ಅಂಚಿನಲ್ಲಿ ಏನೂ ಬರೆದಿಲ್ಲ. ಮೊದಲ ಸಲ ನೋಡಿದಾಗ ಕೈ ತಣ್ಣಗಾಗಿ ಪುಸ್ತಕ ಮುಚ್ಚಿಟ್ಟೆ. ಅವಳಿಗೆ ಗೊತ್ತಿತ್ತು, ಇಪ್ಪತ್ತೇಳಕ್ಕೆ ಇನ್ನು ಒಂದೇ ವರ್ಷ ಅಂತ ಎಣಿಸಿದ್ದಳು ಅಂತೆಲ್ಲ ರಾತ್ರಿಯಿಡೀ ತಲೆಯಲ್ಲಿ ಓಡಿತು. ಬೆಳಗ್ಗೆ ಎದ್ದು ಕಾಫಿ ಕುಡಿಯುವಾಗ ನನ್ನ ಮೇಲೇ ನಗು ಬಂತು. ಚಹಾದಂಗಡಿಯವನನ್ನು ಆಡಿಕೊಂಡವಳು ನಾನು ಮಾಡುತ್ತಿರುವುದಾದರೂ ಏನು? ವಯಸ್ಸು ನೋಡಿ ಹೊಟ್ಟೆಕಿಚ್ಚುಪಟ್ಟು ಸುತ್ತು ಹಾಕಿರಬಹುದು: ಇಪ್ಪತ್ತೇಳಕ್ಕೆ ಇವಳು ಇಷ್ಟು ಬರೆದಳು, ನಾನು ಇನ್ನೂ ದೋಸೆ ಸುಡುತ್ತಿದ್ದೇನೆ. ಅಥವಾ ಪೆನ್ಸಿಲಿನ ಮೊನೆ ಪರೀಕ್ಷೆ ಮಾಡಿರಬಹುದು. ಅಥವಾ ನಾನೇ ಆ ಸುತ್ತು ಹಾಕಿರಬಹುದು, ಹತ್ತು ವರ್ಷದ ಮಕ್ಕಳು ಕೈಗೆ ಸಿಕ್ಕಿದ್ದರ ಮೇಲೆಲ್ಲ ಗೀಚುತ್ತಾರೆ.

ಅವಳು ಹೋದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಆ ವರ್ಷ ಅಡಿಕೆ ಮಾರಿದ ಕೂಡಲೆ ಆಪರೇಷನ್ನಿಗೆ ಕರೆದುಕೊಂಡು ಹೋಗುವುದೆಂದು ಅಜ್ಜ ನಿಶ್ಚಯಿಸಿದ್ದರು. ಕೂಡಿಕೊಂಡ ಕವಾಟವನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಆಗಲೇ ನಮ್ಮ ದೇಶದಲ್ಲಿತ್ತು. ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಕವಾಟ ಅಗಲಿಸುವ ಉಪಾಯವನ್ನು ಜಪಾನಿನ ಇನೋಯೆ ಎಂಬ ವೈದ್ಯರು 1980ರ ದಶಕದ ಆರಂಭದಲ್ಲಿ ಕಂಡುಹಿಡಿದರು. ಈಗ ಬೆಂಗಳೂರಿನಲ್ಲಿ ಅದು ದಿನನಿತ್ಯದ ಕೆಲಸ, ಎರಡು ಮೂರು ದಿನದಲ್ಲಿ ಮನೆಗೆ. ಆದರೆ ಅಡಿಕೆ ಮಾರುವುದು ಚಳಿಗಾಲದ ಮೇಲೆ, ಅವಳಿಗೆ ಉಸಿರು ಕಟ್ಟಿದ್ದು ಆಗಸ್ಟಿನ ಒಂದು ರಾತ್ರಿ. ಹಳ್ಳದ ಕಾಲುಸಂಕ ನೀರಿನಡಿ ಹೋಗಿತ್ತು. ಜೀಪು ಆಚೆ ದಡದಲ್ಲೇ ನಿಂತಿತ್ತು. ಅದರ ಲೈಟು ಮಳೆಯಲ್ಲಿ ಕಾಣುತ್ತಿತ್ತು. ಬೆಳಗಿನ ಜಾವ ಯಾರೋ ಅದನ್ನು ಆರಿಸಿದರು.

ಅಜ್ಜಿ ಹೇಳುತ್ತಿದ್ದಳು, ಮೂರು ದಿಂಬಿಗೆ ಒರಗಿ ಕೂತೇ ಚಿಕ್ಕಿ ಆ ಸಂಜೆ ಪುಸ್ತಕ ಓದುತ್ತಿದ್ದಳು, ಒಂದೆರಡು ಸಲ ನಕ್ಕಳು ಅಂತ. ಯಾವ ಪುಟಕ್ಕೆ ನಕ್ಕಳೋ. ಗೌರಮ್ಮನವರಿಗೆ ನಗಿಸುವುದೂ ಗೊತ್ತಿತ್ತು. ಹುಡುಕಿದರೆ ಅಂಥ ಜಾಗ ಹಲವು ಸಿಗುತ್ತವೆ. ನಾನು ಹುಡುಕಿದ್ದೇನೆ, ಇದು ಅಂತ ಹೇಳಲಾರೆ.

ಹೋದ ತಿಂಗಳು ಪುಸ್ತಕ ತೆಗೆದುಕೊಂಡು ಪೇಟೆಗೆ ಹೋದೆ. ಕೊಡುವ ಮನಸ್ಸಿರಲಿಲ್ಲ, ನಿಜ ಹೇಳಬೇಕೆಂದರೆ. ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದೆ. ಆದರೆ ಅಜ್ಜಿ ತೀರಿಸದೆ ಬಿಟ್ಟ ಒಂದೇ ಸಾಲ ಇದು; ಅಜ್ಜಿ ಇಲ್ಲ, ಅಮ್ಮ ಇಲ್ಲ, ಇನ್ನು ನನ್ನ ತಲೆಗೇ ಬರುವುದು. ಲೈಬ್ರರಿ ಹೊಸ ಕಟ್ಟಡದಲ್ಲಿತ್ತು. ಮೇಜಿನ ಹಿಂದೆ ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಕಂಪ್ಯೂಟರು. ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು ಮೇಜು ತುಂಬಿದ್ದರು. ಕತೆ ಪುಸ್ತಕದ ಕಪಾಟಿನ ಹತ್ತಿರ ಯಾರೂ ಇರಲಿಲ್ಲ.

ಅವನು ರಟ್ಟಿನ ಮೇಲಿನ ನಂಬರು ಒತ್ತಿ ನೋಡಿದ. "ಇದು ನಮ್ಮ ಸಿಸ್ಟಮ್ಮಲ್ಲೇ ಇಲ್ಲ ಮೇಡಂ. ಎಲ್ಲಿಂದ ತಂದ್ರಿ?"

"ಇಲ್ಲಿಂದಲೇ."

ಚೀಟಿ ನೋಡಿದ. ಮುದ್ರೆ ನೋಡಿದ. ನನ್ನನ್ನು ನೋಡಿದ. ಮತ್ತೆ ಮುದ್ರೆ ನೋಡಿದ. ಅದನ್ನು 1998 ಅಂತ ಓದಿಕೊಂಡನೋ ಏನೋ, ಹೆಚ್ಚು ಆಶ್ಚರ್ಯ ಪಡಲಿಲ್ಲ. ದಂಡ ಎಷ್ಟು ಅಂದೆ. ಇಷ್ಟು ಹಳೇದಕ್ಕೆ ದಂಡ ಹಾಕಲು ಬರುವುದಿಲ್ಲ, ಇಟ್ಟು ಹೋಗಿ, ಸಾಹೇಬರನ್ನು ಕೇಳುತ್ತೇನೆ ಅಂದ. ಸುಮ್ಮನೆ ಪುಟ ಮಗುಚುತ್ತ ಹೋದವನು ಒಂದು ಕಡೆ ನಿಂತ, ಓದಿದ, ಇನ್ನೊಂದು ಕಡೆ ನಿಂತ. ಹುಬ್ಬು ಗಂಟಾಯಿತು.

"ಏನ್ ಮೇಡಂ ಇದು, ತುಂಬಾ ಗೀಚಿದಾರಲ್ಲ. ಲೈಬ್ರರಿ ಪುಸ್ತಕದಲ್ಲಿ ಹೀಗೆಲ್ಲ ಬರೀಬಾರದು. ಇದು ನೀವಾ?"

"ಅಲ್ಲಪ್ಪ. ನಮ್ಮ ಚಿಕ್ಕಿ."

"ಅವರಿಗೆ ಸ್ವಲ್ಪ ಹೇಳಿ."

"ಹೇಳಿದರೆ ಕೇಳುವವಳಲ್ಲ" ಅಂದೆ.